ಎಂಟು ತಿಂಗಳು ಬೀಗ ಹಾಕಿದ್ದ ಮನೆ

ಗೇಟಿನ ಚಿಲಕ ತುಕ್ಕು ಹಿಡಿದು ಕೂತಿತ್ತು. ಎರಡು ಸಲ ಎಳೆದೆ, ಜಗ್ಗಲಿಲ್ಲ. ನನ್ನ ಕೈಚೀಲದಲ್ಲಿ ಸ್ಪ್ಯಾನರ್, ಇಕ್ಕಳ, ಟೆಸ್ಟರ್, ಟೆಫ್ಲಾನ್ ಟೇಪು, ಹತ್ತಾರು ವಾಷರ್ ಎಲ್ಲ ಇದ್ದವು. ಎಣ್ಣೆ ಮಾತ್ರ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ನೋಡಿ, “ತಾಳಪ್ಪ” ಅಂದು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದುಕೊಟ್ಟರು. ಐದು ನಿಮಿಷ ನೆನೆದ ಮೇಲೆ ಚಿಲಕ ಕಿರ್ರೆಂದು ಸರಿಯಿತು.

ಇದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂವತ್ತೈದು ವರ್ಷದ ಹಿಂದೆ ಕಟ್ಟಿದ ಮನೆ. ಗೆಳೆಯನದು. ಅವನಿರುವುದು ಹೊರದೇಶದಲ್ಲಿ, ಬಾಡಿಗೆಯವರು ಬಿಟ್ಟು ಎಂಟು ತಿಂಗಳಾಗಿದೆ. “ಮತ್ತೆ ಬಾಡಿಗೆಗೆ ಕೊಡೋ ಮುಂಚೆ ಏನೇನು ಕೆಟ್ಟಿದೆ ನೋಡು ಮಾರಾಯ, ನಿನ್ನ ಕೈಲಾಗೋದನ್ನ ನೀನೇ ಮಾಡು” ಅಂದಿದ್ದ. ನಾನು ಪ್ಲಂಬರ್ ಅಲ್ಲ, ಎಲೆಕ್ಟ್ರಿಷಿಯನ್ನೂ ಅಲ್ಲ. ಹಿಂದೊಮ್ಮೆ ಟೆಫ್ಲಾನ್ ಟೇಪನ್ನು ಉಲ್ಟಾ ಸುತ್ತಿ ಸ್ವಂತ ಅಡುಗೆಮನೆಯನ್ನೇ ಕೆರೆ ಮಾಡಿದವನು. (ನಲ್ಲಿಯ ಥ್ರೆಡ್ಡಿನ ತುದಿಯನ್ನು ಮುಖದ ಎದುರು ಹಿಡಿದು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಟೇಪು ಸುತ್ತಬೇಕು. ವಿರುದ್ಧ ಸುತ್ತಿದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ.) ಆಮೇಲೆ ಅಷ್ಟಿಷ್ಟು ಕಲಿತೆ.

ಕೀ ಕೊಡುವಾಗ ಅಜ್ಜಿ ಎರಡು ದೂರು ಹೇಳಿದರು. “ಬಚ್ಚಲಲ್ಲಿ ಕೆಟ್ಟ ವಾಸನೆ, ಇಲಿ ಸತ್ತಿರಬೇಕು ಕಣಪ್ಪ.” ಇನ್ನೊಂದು: “ಗಿಡಕ್ಕೆ ಅಂತ ಹದಿನೈದು ದಿನಕ್ಕೊಂದು ಸಲ ಮೋಟರ್ ಹಾಕಿ ಟ್ಯಾಂಕು ತುಂಬಿಸ್ತೀನಿ. ದಿನಾ ಒಂದು ಬಕೆಟ್ಟು ಹಿಡಿದರೆ ಹೆಚ್ಚು. ಆದ್ರೂ ಅವಧಿಗೆ ಮುಂಚೇನೇ ಖಾಲಿ. ಯಾಕೋ ಏನೋ.”

ಯಾಕೆಂದು ನನಗೆ ಅಲ್ಲೇ ಗೊತ್ತಾಯಿತು ಅಂದುಕೊಂಡೆ. ಗೇಟಿನ ಪಕ್ಕದ ತೋಟದ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಕೆಳಗಿನ ಕಲ್ಲಿನಲ್ಲಿ ಹಸಿರು ಪಾಚಿಯ ಒಂದು ಗುಂಡನೆ ಗುರುತೇ ಬಿದ್ದಿತ್ತು. ಅಜ್ಜಿಯಿಂದ 200 ಮಿಲಿಯ ಒಂದು ಲೋಟ ಇಸಕೊಂಡು ಕೆಳಗಿಟ್ಟೆ. ತುಂಬಲು 13 ನಿಮಿಷ ಹಿಡಿಯಿತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 22 ಲೀಟರ್, ಹದಿನೈದು ದಿನಕ್ಕೆ 330. ಟ್ಯಾಂಕು ಇರುವುದೇ 500 ಲೀಟರಿನದು. ಬಂದ ಸ್ವಲ್ಪ ಹೊತ್ತಿಗೇ ಒಗಟು ಬಿಡಿಸಿದೆ ಎಂದು ಬೀಗಿದೆ.

ನಲ್ಲಿ ಬಿಚ್ಚುವ ಮೊದಲು ನೀರು ನಿಲ್ಲಿಸುವ ಜಾಗ ಹುಡುಕಬೇಕು. ಮನೆಯ ಪಕ್ಕದ ಓಣಿಯಲ್ಲಿ ಗೇಟ್ ವಾಲ್ವ್ ಸಿಕ್ಕಿತು. ಎಷ್ಟೋ ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಇಂಥದ್ದನ್ನು ಒಂದೇ ಸಮ ಬಲ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿಯೇ ಮುರಿದೀತು. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಎಂದು ಆಡಿಸುತ್ತಾ ಅಂತೂ ಮುಚ್ಚಿದೆ. ನಲ್ಲಿಯ ತಲೆಯ ನಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿ ಒಳಗಿನ ತುಂಡನ್ನು ಅಂಗೈಗೆ ಉದುರಿಸಿಕೊಂಡೆ. ಅದರ ಬುಡದಲ್ಲಿದ್ದ ರಬ್ಬರ್ ವಾಷರ್ ಕರಿದ ವಡೆಯಷ್ಟು ಗಟ್ಟಿ. ಅದರ ಮೇಲೆ ಉಂಗುರದಂಥ ಆಳವಾದ ಒಂದು ಗೆರೆ. ನಲ್ಲಿ ಸೋರುತ್ತದೆಂದು ನಾವು ಬಿಗಿಯಾಗಿ ತಿರುಗಿಸಿದಷ್ಟೂ ಆ ಗೆರೆ ಆಳವಾಗುತ್ತದೆ, ಸೋರುವುದೂ ಹೆಚ್ಚುತ್ತದೆ. ಹೊಸ ವಾಷರ್ ಹಾಕಿ ವಾಲ್ವ್ ತೆರೆದೆ. ತೊಟ್ಟಿಕ್ಕುವುದು ನಿಂತಿತು. ಅಜ್ಜಿ, “ಅಷ್ಟೇನಾ?” ಅಂದರು. ಅಷ್ಟೇ.

ಮುಂಬಾಗಿಲಿನ ಬೀಗಕ್ಕೂ ಎಣ್ಣೆ ಹಾಕಲು ಅವರು ಬಟ್ಟಲು ಮುಂದೆ ಮಾಡಿದರು. ಬೇಡವೆಂದೆ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಬೀಗದೊಳಗೆ ಧೂಳು ಹಿಡಿದು ಅಂಟಾಗುತ್ತದೆ. ಪೆನ್ಸಿಲಿನ ಸೀಸದ ಪುಡಿಯನ್ನು ಕೀಗೆ ಸವರಿ ನಾಲ್ಕು ಸಲ ಒಳಗೆ ಹೊರಗೆ ಮಾಡಿದೆ. ತಿರುಗಿತು. ಗೇಟಿನ ಚಿಲಕಕ್ಕೆ ಅವರ ಎಣ್ಣೆ, ಬೀಗಕ್ಕೆ ನನ್ನ ಪೆನ್ಸಿಲ್ಲು. ಇಬ್ಬರಿಗೂ ಸಮಾಧಾನ.

ನಡುಮನೆಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ. ಕಾವಿ ನೆಲ ಇನ್ನೂ ಚೆನ್ನಾಗಿತ್ತು, ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ. ತಲೆ ಎತ್ತಿದೆ. ಫ್ಯಾನಿನಿಂದ ಎರಡು ಮೊಳ ಆಚೆಗೆ ಚಹಾ ಚೆಲ್ಲಿದಂಥ ಕಂದು ಕಲೆ. ಕೋಲಿನಿಂದ ಮುಟ್ಟಿದರೆ ಒಣಗಿತ್ತು. ಮಳೆ ನಿಂತು ತಿಂಗಳಾಗಿದೆ, ಮಳೆಯದೇ ಇರಬೇಕು. ತಾರಸಿಗೆ ಹೋದಾಗ ನೋಡೋಣ ಎಂದು ಗೋಡೆಯಿಂದ ಹೆಜ್ಜೆ ಅಳೆದು ಬರೆದುಕೊಂಡೆ. ಪೂರ್ವದ ಗೋಡೆಯಿಂದ ನಾಲ್ಕು ಹೆಜ್ಜೆ, ದಕ್ಷಿಣದ ಗೋಡೆಯಿಂದ ಆರು.

ಬಾಗಿಲ ಹಿಂದೆ ಹಳೆಯ ಮೀಟರ್ ಬೋರ್ಡು, ಅದರಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು. ಒಂದನ್ನು ಕಿತ್ತು ನೋಡಿದರೆ ಎದೆ ಝಲ್ಲೆಂದಿತು. ಫ್ಯೂಸ್ ವೈರಿನ ಜಾಗದಲ್ಲಿ ಯಾರೋ ಮಾಮೂಲು ವೈರಿನ ತಾಮ್ರದ ಎಳೆಗಳನ್ನು ಹೊಸೆದು ಬತ್ತಿಯಷ್ಟು ದಪ್ಪ ಸುತ್ತಿದ್ದರು. ಪದೇಪದೇ ಫ್ಯೂಸ್ ಹೋಗುತ್ತಿತ್ತೇನೋ, ಹೋಗದಂತೆ ಮಾಡಿದ್ದಾರೆ. ಫ್ಯೂಸ್ ಇರುವುದೇ ಹೋಗುವುದಕ್ಕೆ. ಅದು ಸುಡದಿದ್ದರೆ ಗೋಡೆಯೊಳಗಿನ ವೈರು ಸುಡುತ್ತದೆ. ಇಲ್ಲಿ ನನ್ನ ಚೀಲ ತೆರೆಯಲಿಲ್ಲ. “ಎಲೆಕ್ಟ್ರಿಷಿಯನ್: ಫ್ಯೂಸು ತೆಗೆದು ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅರ್ಥಿಂಗ್ ಪರೀಕ್ಷೆ” ಎಂದು ಬರೆದುಕೊಂಡೆ. ಎಂಸಿಬಿ ವೈರನ್ನು ಕಾಯುತ್ತದೆ. ಶಾಕ್ ಹೊಡೆಯುವಾಗ ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೊಸ ಮನೆಗಳಲ್ಲೂ ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟಿರುವುದನ್ನು ನೋಡಿದ್ದೇನೆ.

ಫ್ಯಾನ್ ಹಾಕಿದರೆ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಪೊರಕೆಯ ಹಿಡಿಯಿಂದ ರೆಕ್ಕೆಯನ್ನೊಮ್ಮೆ ನೂಕಿದೆ, ಸೋಮಾರಿಯ ಹಾಗೆ ಹೊರಟಿತು. ಇದು ಹೆಚ್ಚಾಗಿ ಕೆಪಾಸಿಟರಿನ ಕಾಯಿಲೆ. ಸ್ವಿಚ್ಚೊಂದನ್ನೇ ನಂಬದೆ ಮೇನ್ ತೆಗೆದೆ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿನಲ್ಲಿ ಕೂತಿದ್ದರೆ, ಅದನ್ನು ಆರಿಸಿದ ಮೇಲೂ ಫ್ಯಾನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಟೆಸ್ಟರ್ ಇಟ್ಟು ಮತ್ತೊಮ್ಮೆ ಖಾತ್ರಿ ಮಾಡಿಕೊಂಡೆ. ಮೇಲಿನ ಬಟ್ಟಲು ಸರಿಸಿದರೆ ಹೆಬ್ಬೆರಳಿನಷ್ಟು ಗಾತ್ರದ ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಮೇಲೆ 2.5 ಮೈಕ್ರೋಫ್ಯಾರಡ್ ಎಂದಿತ್ತು. ನನ್ನ ಬಳಿ ಅದೇ ಅಳತೆಯದು ಇದ್ದದ್ದು ಅದೃಷ್ಟ. ಹಳೆಯದರ ಮೇಲಿರುವ ಅಂಕಿಯದನ್ನೇ ತರಬೇಕು, ದೊಡ್ಡದು ಹಾಕಿದರೆ ಜೋರಾಗಿ ತಿರುಗೀತು ಎಂಬ ಆಸೆ ಬೇಡ. ಹಾಕಿದೆ, ತಿರುಗಿತು.

ಮಲಗುವ ಕೋಣೆಯ ಬಾಗಿಲು ಅರ್ಧಕ್ಕೆ ನಿಂತು ನೆಲ ಕೆರೆಯಿತು. ಮಳೆಗಾಲದಲ್ಲಿ ಮರ ಉಬ್ಬಿದೆ ಎಂದು ಬಡಗಿಯನ್ನು ಕರೆಸಿ ಕೀಸುವುದು ನಮ್ಮ ರೂಢಿ. ಕೀಸಿದ ಬಾಗಿಲ ಕೆಳಗೆ ಬೇಸಿಗೆಯಲ್ಲಿ ಹಲ್ಲಿ ನುಸುಳುತ್ತದೆ. ಈ ಬಾಗಿಲನ್ನೂ ಹಿಂದೆ ಒಮ್ಮೆ ಕೀಸಿದ್ದ ಗುರುತಿತ್ತು. ನಾನು ಅದನ್ನು ಹಿಡಿಯ ಹತ್ತಿರ ಹಿಡಿದು ಮೇಲೆತ್ತಿ ನೋಡಿದೆ. ಅರ್ಧ ಇಂಚು ಮೇಲೆದ್ದಿತು. ಕೆಟ್ಟಿದ್ದು ಮರವಲ್ಲ, ಮೇಲಿನ ಹಿಂಜಿನ ಸ್ಕ್ರೂ. ಮೂರರಲ್ಲಿ ಎರಡು ತೂತು ದೊಡ್ಡದಾಗಿ ಸುಮ್ಮನೆ ಸುತ್ತುತ್ತಿದ್ದವು. ಮದ್ದು ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುರುಕಿ, ಒಣಗಿದ ಮೇಲೆ ಮತ್ತೆ ಅದೇ ಸ್ಕ್ರೂ ಬಿಗಿದರೆ ಕಚ್ಚಿಕೊಳ್ಳುತ್ತದೆ. ಒಣಗಲು ಬಿಟ್ಟು ಮುಂದೆ ಹೋದೆ.

ಆ ಕೋಣೆಯ ಇನ್ನೊಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ಸೊಂಟದೆತ್ತರದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಉಗುರು ತಾಕಿಸಿದರೆ ಪುಟ್ಟಿಯ ಚಕ್ಕೆಯೇ ಬಂತು, ಅದರ ಹಿಂದೆ ಹತ್ತಿಯಂತೆ ಮೆತ್ತನೆಯ ಬಿಳಿ ಉಪ್ಪು. ಗಾರೆ ತಣ್ಣಗಿತ್ತು, ಪಸೆಯಿತ್ತು. ಗೋಡೆಯ ಆಚೆ ಬಚ್ಚಲು. ನೆಲದ ಪಸೆ ಏರಿದ್ದರೆ ಅದು ಬುಡದಿಂದಲೇ ಪಟ್ಟಿಯ ಹಾಗೆ ಉದ್ದಕ್ಕೂ ಕಾಣುತ್ತದೆ. ಇಲ್ಲಿ ಬುಡ ಒಣಗಿತ್ತು, ನಡುವೆ ಮಾತ್ರ ಭೂಪಟದಂಥ ತೇಪೆ. ಬಚ್ಚಲಲ್ಲಿ ಸ್ನಾನ ಮಾಡಿದ ನೀರು ಟೈಲ್ಸ್ ಸಂದಿಯಿಂದ ಇಳಿದಿರಬೇಕು ಎಂದುಕೊಂಡೆ. ತಕ್ಷಣವೇ ಆ ಊಹೆ ಬಿದ್ದುಹೋಯಿತು: ಎಂಟು ತಿಂಗಳಿಂದ ಇಲ್ಲಿ ಸ್ನಾನ ಮಾಡಿದವರು ಯಾರು?

ಬಚ್ಚಲಿನ ಬಾಗಿಲು ತೆರೆದರೆ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಇಲಿ ಇರಲಿಲ್ಲ. ನೆಲದ ಜಾಲರಿ ಎತ್ತಿ ಟಾರ್ಚ್ ಬಿಟ್ಟೆ. ಒಳಗಿನ ಟ್ರ್ಯಾಪು ಒಣಗಿ ಬಟಾಬಯಲು. ಆ ಬಟ್ಟಲಿನಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ಗಾಳಿಯನ್ನೂ ಜಿರಲೆಗಳನ್ನೂ ತಡೆಯುವ ಬಾಗಿಲು. ಬಳಸದ ಮನೆಯಲ್ಲಿ ನೀರು ಆರುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಎರಡು ಚೊಂಬು ನೀರು ಸುರಿದು ಕಿಟಕಿ ತೆಗೆದೆ. ಕಾಲು ಗಂಟೆಯಲ್ಲಿ ವಾಸನೆ ಹೋಯಿತು. ಇಡೀ ದಿನದಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿರಲಿಲ್ಲ.

ಆದರೆ ಪಕ್ಕದ ಕಮೋಡಿನಲ್ಲಿ ತಿಳಿ ನೀರಿತ್ತು. ನೆಲದ ಟ್ರ್ಯಾಪು ಆರಿರುವಾಗ ಇದು ಹೇಗೆ ಉಳಿಯಿತು? ಸಿಸ್ಟರ್ನಿನ ಮುಚ್ಚಳ ತೆಗೆದು, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟೆ. ಫ್ಲಶ್ ಮಾಡದೆ ಅಡುಗೆಮನೆಗೆ ಹೋಗಿ ಬಂದೆ. ಅಡುಗೆಮನೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪನ್ನು ಬಕೆಟ್ಟಿನ ಮೇಲೆ ಬಿಚ್ಚಿದರೆ ಒಂದು ಹಿಡಿ ಕರಿ ಗಸಿ, ಒಂದು ಚಮಚ. ಗ್ಯಾಸಿನ ಕಿತ್ತಳೆ ಟ್ಯೂಬಿನ ಮೇಲೆ ಅಚ್ಚಾಗಿದ್ದ ಅವಧಿ ಮುಗಿದಿತ್ತು. ಹೊಸದು ಹಾಕಿಸಿ, ಜೋಡಣೆಗೆ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಗೀರಿ ನೋಡುವ ಧೀರರು ಇನ್ನೂ ಇದ್ದಾರೆ, ಅವರಿಗೆ ದೂರದಿಂದಲೇ ನಮಸ್ಕಾರ.

ವಾಪಸು ಬಂದಾಗ ಕಮೋಡಿನ ನೀರು ತೆಳು ನೀಲಿಯಾಗಿತ್ತು. ಸಿಸ್ಟರ್ನಿನ ತಳದ ರಬ್ಬರು ಕೂರುತ್ತಿಲ್ಲ. ಸದ್ದೂ ಮಾಡದೆ, ನೆಲವನ್ನೂ ಒದ್ದೆ ಮಾಡದೆ ಹಗಲಿರುಳು ನೀರು ಜಾರುತ್ತಿದೆ. ಅಂದರೆ ಟ್ಯಾಂಕು ಖಾಲಿಯಾಗಲು ತೋಟದ ನಲ್ಲಿಯೊಂದೇ ಕಾರಣವಲ್ಲ. ಹೊಸ ರಬ್ಬರು ತರುವ ತನಕ ಇರಲೆಂದು ಸಿಸ್ಟರ್ನಿನ ಆ್ಯಂಗಲ್ ಕಾಕ್ ಮುಚ್ಚಿದೆ. ಗೇಟಿನ ಬಳಿ ಬೀಗಿದ್ದು ಜಂಬವಾಯಿತೇನೋ.

ತಾರಸಿಗೆ ಹತ್ತಿದೆ. ಪಕ್ಕದ ಮಾವಿನ ಮರದ ಎಲೆಗಳೆಲ್ಲ ಮಳೆನೀರಿನ ಕೊಳವೆಯ ಬಾಯಲ್ಲಿ ಸೇರಿ ಗೊಬ್ಬರವಾಗಿದ್ದವು. ಸುತ್ತ ನೆಲದ ಮೇಲೆ ನೀರು ನಿಂತು ಆರಿದ ಗೆರೆಗಳು, ಒಂದರೊಳಗೊಂದು, ಕೆರೆ ಬತ್ತಿದ ಹಾಗೆ. ಕೆಳಗಿನ ಕಲೆಯ ಲೆಕ್ಕ ಹಿಡಿದು ನಾಲ್ಕು ಹೆಜ್ಜೆ, ಆರು ಹೆಜ್ಜೆ ಇಟ್ಟು ನಿಂತೆ. ಕಾಲ ಕೆಳಗೆ ಬಿರುಕೇ ಇಲ್ಲ. ಬಿರುಕು ಇದ್ದದ್ದು ಐದಡಿ ಆಚೆ, ಕೊಳವೆಯ ಬಾಯಿ ಪ್ಯಾರಪೆಟ್ ಗೋಡೆಯನ್ನು ಸೇರುವಲ್ಲಿ. ನೀರು ಅಲ್ಲಿ ಇಳಿದು ಸ್ಲ್ಯಾಬಿನ ಮೇಲಿನ ಗಾರೆಯೊಳಗೇ ಸರಿದು, ದಾರಿ ಸಿಕ್ಕಲ್ಲಿ ತೊಟ್ಟಿಕ್ಕಿರಬೇಕು. ಕಲೆಯ ನೇರ ಮೇಲೆ ಸಿಮೆಂಟು ಬಳಿಯುವವರು ವರ್ಷವರ್ಷ ಬಳಿಯುತ್ತಲೇ ಇರುವುದು ಇದಕ್ಕೇ. ಎಲೆ ತೆಗೆದು ಎರಡು ಬಕೆಟ್ ನೀರು ಸುರಿದೆ, ಕೊಳವೆ ಕುಡಿಯಿತು. ಆದರೂ ಒಂದು ಮೂಲೆಯಲ್ಲಿ ನೀರು ನಿಂತಿತು. ಅಲ್ಲಿ ವಾಟ ಸಾಲದು. ಹತ್ತು ಅಡಿಗೆ ಇಂಚಿನ ಮೇಲಾದರೂ ಇಳಿಜಾರು ಬೇಕು. ಅದು ಗಾರೆಯವರ ಕೆಲಸ. ಬಿರುಕನ್ನು ಅಗಲಿಸಿ, ಧೂಳು ತೆಗೆದು, ತುಂಬಿ, ಆಮೇಲೆ ಬಿಳಿ ಕೋಟಿಂಗ್ ಹೊಡೆಯಲಿ. ಪಾಚಿಯ ಮೇಲೆಯೇ ಹೊಡೆದ ಹಳೆಯ ಕೋಟಿಂಗು ಕಾಲಿಟ್ಟಲ್ಲೆಲ್ಲ ಸುಲಿಯುತ್ತಿತ್ತು.

ಇಳಿಯುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದೆ. ಗೋಡೆಯ ಪಸೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಲ್ಲಿ ನಿಂತಿದೆ, ಸಿಸ್ಟರ್ನ್ ಮುಚ್ಚಿದೆ. ಇನ್ನು ನೀರು ಇಳಿಯಬಾರದು. ನೀರಿನ ಮಟ್ಟಕ್ಕೆ ಸರಿಯಾಗಿ ಟ್ಯಾಂಕಿನ ಒಳಗೋಡೆಗೆ ಒಂದು ತುಂಡು ಟೇಪು ಅಂಟಿಸಿದೆ. ಕೆಳಗೆ ಬಂದು ಬಾಗಿಲಿನ ಸ್ಕ್ರೂಗಳನ್ನು ಬಿಗಿದೆ. ಕೀ ಹಿಂದಿರುಗಿಸುವಾಗ, “ಎರಡು ದಿನ ಗಿಡಕ್ಕೆ ನಿಮ್ಮ ಮನೆ ನೀರೇ ಹಾಕಿ ಅಜ್ಜಿ, ಮೋಟರ್ ಮುಟ್ಟಬೇಡಿ” ಅಂದೆ. “ಇಲಿ ಸಿಕ್ತಾ?” ಅಂದರು. ಇಲಿಯಲ್ಲ, ಬಚ್ಚಲಿಗೆ ತಿಂಗಳಿಗೆ ಎರಡು ಸಲ ಒಂದು ಚೊಂಬು ನೀರು ಹಾಕಿದರೆ ಸಾಕು ಎಂದರೆ ನಂಬಿದಂತೆ ಕಾಣಲಿಲ್ಲ.

ಎರಡು ದಿನ ಬಿಟ್ಟು ಹೋಗಿ ನೋಡಿದೆ. ನೀರು ಟೇಪಿಗಿಂತ ಮೂರು ಬೆರಳು ಕೆಳಗಿತ್ತು. ಗೋಡೆಯೊಳಗೆ, ಬಚ್ಚಲಿನ ನಲ್ಲಿಗಳಿಗೆ ಹೋಗುವ ಪೈಪು ಎಲ್ಲೋ ಸೋರುತ್ತಿದೆ. ಟೈಲ್ಸ್ ಒಡೆಯದೆ ಬೇರೆ ದಾರಿ ಇಲ್ಲ, ಅದು ನನ್ನ ಚೀಲದ ಕೆಲಸವೂ ಅಲ್ಲ. ಬಚ್ಚಲಿನ ಲೈನಿನ ವಾಲ್ವ್ ಮುಚ್ಚಿ ಪ್ಲಂಬರ್‌ಗೆ ಹೇಳಿದ್ದೇನೆ. ಸೋಮವಾರ ಬರಬೇಕಿದ್ದ ಪೇಂಟರ್‌ಗೆ, ಗೋಡೆ ಒಣಗುವ ತನಕ ಬರಬೇಡಿ ಎಂದು ತಿಳಿಸಿದ್ದೇನೆ.