ಯಲಹಂಕದ ತಾರಸಿಯ ಮೇಲೆ ಐದು ದಿನ

ಫೆಬ್ರುವರಿಯ ಬೆಳಗ್ಗೆ ಒಂಬತ್ತೂವರೆಗೆಲ್ಲ ಯಲಹಂಕದ ತಾರಸಿಗಳು ತುಂಬಿಬಿಡುತ್ತವೆ. ಪ್ಲಾಸ್ಟಿಕ್ ಕುರ್ಚಿ, ಛತ್ರಿ, ಒಂದು ಚೊಂಬು ಮಜ್ಜಿಗೆ. ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿ ಗೋಡೆಗೆ ಸುತ್ತಿಟ್ಟಿರುತ್ತಾರೆ, ನೋಡುವವರ ಕಣ್ಣಿಗೆ ಅಡ್ಡ ಬರಬಾರದೆಂದು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ತಾತ ಒಬ್ಬರು ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತು ಮೊಮ್ಮಗನಿಗೆ ಹೇಳಿಕೊಡುತ್ತಿದ್ದರು: ‘ಶಬ್ದ ಬಂದ ಕಡೆ ನೋಡ್ಬೇಡ ಮಗಾ. ಅದಕ್ಕಿಂತ ಮುಂದೆ ನೋಡು.’ ಅವರ ಲೆಕ್ಕ ಸರಿಯಾಗಿದೆ. ಒಂದು ಕಿಲೋಮೀಟರ್ ದೂರದಿಂದ ಶಬ್ದ ನಮ್ಮನ್ನು ಮುಟ್ಟಲು ಸುಮಾರು ಮೂರು ಸೆಕೆಂಡ್ ಬೇಕು. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹುಡುಗ ಎರಡು ಸಲ ತಪ್ಪಿದ. ಮೂರನೆಯ ಸಲ ಕತ್ತು ಮುಂದಕ್ಕೆ ತಿರುಗಿಸಿ ತೇಜಸ್ ಅನ್ನು ಹಿಡಿದೇಬಿಟ್ಟ.

ಏರೋ ಇಂಡಿಯಾ ಎಂದರೆ ಪತ್ರಿಕೆಗಳಲ್ಲಿ ಒಪ್ಪಂದ, ಕೋಟಿ, ಸಚಿವರ ಭಾಷಣ. ಯಲಹಂಕದವರ ಬಾಯಲ್ಲಿ ಅದು ಬರೀ ‘ಏರ್ ಶೋ’. ಎರಡು ವರ್ಷಕ್ಕೊಮ್ಮೆ ಬರುವ ಊರ ಜಾತ್ರೆ. ಟಿಕೆಟ್ ಇದ್ದವರು ಬೇಲಿಯ ಒಳಗಿನಿಂದ ನೋಡುತ್ತಾರೆ. ಆದರೆ ಈ ಜಾತ್ರೆ ನಿಜಕ್ಕೂ ಮೈದುಂಬುವುದು ಬೇಲಿಯ ಹೊರಗೆ, ಬಳ್ಳಾರಿ ರಸ್ತೆಯ ಅಂಚಿನಲ್ಲಿ, ಹುಣಸಮಾರನಹಳ್ಳಿಯ ಮನೆಗಳ ಮೇಲೆ, ಸುತ್ತಲಿನ ಬಯಲಿನಲ್ಲಿ.

ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. ಯಲಹಂಕ ನಾಡಪ್ರಭುಗಳ ಮನೆತನದ ಕೆಂಪೇಗೌಡರು ಇಲ್ಲಿಂದಲೇ ಹೋಗಿ 1537ರಲ್ಲಿ ಬೆಂಗಳೂರಿನ ಕೋಟೆ-ಪೇಟೆ ಕಟ್ಟಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಊರ ಪಕ್ಕದ ನೆಲ ಬ್ರಿಟಿಷ್ ವಾಯುಪಡೆಯ ವಿಮಾನಗಳಿಗೆ ಇಳಿದಾಣವಾಯಿತು. ಈಗ ಅದು ಭಾರತೀಯ ವಾಯುಪಡೆಯ ನೆಲೆ. ಸಾಗಣೆ ವಿಮಾನಗಳ ಪೈಲಟ್‌ಗಳು ತಯಾರಾಗುವುದು ಇಲ್ಲಿ. ವರ್ಷವಿಡೀ ಊರಿನವರ ಕಿವಿಗೆ ಬೀಳುವುದು ಎಎನ್-32 ವಿಮಾನದ ಎರಡು ಪ್ರೊಪೆಲ್ಲರ್‌ಗಳ ಮೊರೆತ. ಅದು ಎಷ್ಟು ರೂಢಿಯಾಗಿದೆಯೆಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

1993ರಲ್ಲಿ ಬೆಂಗಳೂರಿನಲ್ಲಿ ‘ಏವಿಯಾ ಇಂಡಿಯಾ’ ಹೆಸರಿನಲ್ಲಿ ಒಂದು ಪ್ರದರ್ಶನ ನಡೆದಿತ್ತು. ಮೂರು ವರ್ಷದ ನಂತರ, 1996ರಲ್ಲಿ ಮೊದಲ ಏರೋ ಇಂಡಿಯಾ ಯಲಹಂಕದಲ್ಲಿ ಕಣ್ಣುಬಿಟ್ಟಿತು. ಮೊದಲೆರಡು ಆವೃತ್ತಿಗಳು ಡಿಸೆಂಬರಿನಲ್ಲಿ ನಡೆದವು. 2001ರಿಂದ ಅದು ಫೆಬ್ರುವರಿಗೆ ಬಂತು. ಮಂಜು ಕರಗಿ, ಬಿಸಿಲು ಇನ್ನೂ ಹದವಾಗಿರುವ, ಮೋಡದ ಸುಳಿವಿಲ್ಲದ ತಿಂಗಳು. 2025ಕ್ಕೆ ಹದಿನೈದು ಆವೃತ್ತಿಗಳಾದವು.

ಇದು ಇಲ್ಲೇ ಯಾಕೆ ಎಂದು ಕೇಳಿದರೆ 1940ಕ್ಕೆ ಹೋಗಬೇಕು. ಆ ವರ್ಷ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. ರಿವೆಟ್ ಹೊಡೆದವರು, ವೈರಿಂಗ್ ಕಟ್ಟಿದವರು, ಎಂಜಿನ್ ಬಿಚ್ಚಿ ಜೋಡಿಸಿದವರು ಈ ನಗರದ ಬೀದಿಬೀದಿಯಲ್ಲಿದ್ದಾರೆ. 2001ರ ಜನವರಿ 4ರಂದು ಹಗುರ ಯುದ್ಧವಿಮಾನ ಮೊದಲು ನೆಲ ಬಿಟ್ಟೆದ್ದದ್ದೂ ಎಚ್‌ಎಎಲ್ ವಿಮಾನ ನಿಲ್ದಾಣದಿಂದಲೇ. ಅದಕ್ಕೆ ತೇಜಸ್ ಎಂಬ ಹೆಸರು ಬಂದದ್ದು ಆಮೇಲೆ. ಬೇರೆ ದೇಶದ ಏರ್ ಶೋಗಳಲ್ಲಿ ಜನ ವಿಮಾನ ನೋಡಿ ಚಪ್ಪಾಳೆ ಹೊಡೆಯುತ್ತಾರೆ. ಇಲ್ಲಿ ‘ಅದರ ರೆಕ್ಕೆ ನಮ್ಮ ಶಾಪಲ್ಲಿ ಆಗಿದ್ದು’ ಎನ್ನುವವರೂ ಜನರ ನಡುವೆ ನಿಂತಿರುತ್ತಾರೆ. ಈ ಪ್ರದರ್ಶನದ ಬಗ್ಗೆ ನನಗಿರುವ ಅಕ್ಕರೆಗೆ ಕಾರಣ ಇದೇ.

ಊರು ನೆನಪಿಟ್ಟುಕೊಂಡ ದಿನಗಳು ಹಲವು. 2007ರಲ್ಲಿ 69 ವರ್ಷದ ರತನ್ ಟಾಟಾ ಎಫ್-16ರಲ್ಲಿ ಸಹಪೈಲಟ್ ಸೀಟಿನಲ್ಲಿ ಕೂತು ಹಾರಿದರು. ಮರುದಿನ ಎಫ್-18ರಲ್ಲಿ ಮತ್ತೊಮ್ಮೆ. ಆಗ 126 ಯುದ್ಧವಿಮಾನ ಕೊಳ್ಳುವ ಮಾತು ನಡೆದಿತ್ತು. ಅಮೆರಿಕ, ರಷ್ಯಾ, ಫ್ರಾನ್ಸ್, ಸ್ವೀಡನ್ ಎಲ್ಲವೂ ತಮ್ಮ ಸರಕನ್ನು ಯಲಹಂಕದ ನೆತ್ತಿಯ ಮೇಲೆ ತಿರುಗಿಸಿ ತೋರಿಸಿದ ವರ್ಷಗಳವು. ಕೋವಿಡ್ ನಡುವೆಯೇ 2021ರಲ್ಲಿ ಮೂರು ದಿನದ ಪ್ರದರ್ಶನ ನಡೆದು, 83 ತೇಜಸ್ ವಿಮಾನಗಳ ಒಪ್ಪಂದ ಎಚ್‌ಎಎಲ್ ಕೈಗೆ ಬಂತು. 2025ರಲ್ಲಿ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಒಂದೇ ನೆಲೆಯಲ್ಲಿ ಕಾಣಿಸಿಕೊಂಡವು. ಹುಡುಗರಿಗಂತೂ ವಾರವಿಡೀ ಅವುಗಳದೇ ಜಪ.

ಇಷ್ಟೆಲ್ಲದರ ಭಾರ ಊರಿನ ಮಾಂಸದ ಅಂಗಡಿಗಳ ಮೇಲೂ ಬೀಳುತ್ತದೆ. ಬಿಸಾಡಿದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ. ಹದ್ದು ಎಂಜಿನ್‌ಗೆ ಸಿಕ್ಕರೆ ವಿಮಾನವೇ ಉರುಳಬಹುದು. ಹಾಗಾಗಿ ಪ್ರದರ್ಶನಕ್ಕೆ ವಾರಗಳ ಮೊದಲೇ ಸುತ್ತಮುತ್ತ ಮಾಂಸ ಮಾರಾಟ ನಿಷೇಧಿಸುತ್ತಾರೆ: 2023ರಲ್ಲಿ 10 ಕಿ.ಮೀ., 2025ರಲ್ಲಿ 13 ಕಿ.ಮೀ. ವ್ಯಾಪ್ತಿಯಲ್ಲಿ. ಪೈಲಟ್‌ನ ಜೀವದ ಪ್ರಶ್ನೆ, ನಿಷೇಧ ಬೇಕೇ ಬೇಕು. ಆದರೆ ಮೂರು ವಾರ ಷಟರ್ ಎಳೆದು ಕೂರುವ ಮಟನ್ ಅಂಗಡಿಯವನ ದಿನದ ದುಡಿಮೆಗೂ ಯಾರಾದರೂ ಲೆಕ್ಕ ಇಡಬೇಕಿತ್ತು.

ಸೂರ್ಯಕಿರಣ ತಂಡ ಬಂದಾಗ ತಾರಸಿಗಳ ಮಾತು ನಿಲ್ಲುತ್ತದೆ. ಬೀದರ್‌ನಲ್ಲಿ ನೆಲೆಯಿರುವ, ವಾಯುಪಡೆಯ ಸಾಹಸ ಹಾರಾಟದ ತಂಡ. ಹಾರುವುದು ಒಂಬತ್ತು ಹಾಕ್ ವಿಮಾನ, ರೆಕ್ಕೆಗೂ ರೆಕ್ಕೆಗೂ ನಡುವೆ ಕೆಲವೇ ಮೀಟರ್ ಅಂತರ. 2019ರ ಫೆಬ್ರುವರಿ 19ರಂದು, ಉದ್ಘಾಟನೆಗೆ ಒಂದು ದಿನ ಮೊದಲು, ತಾಲೀಮಿನಲ್ಲಿ ಎರಡು ಹಾಕ್‌ಗಳು ಡಿಕ್ಕಿಯಾಗಿ ಜನವಸತಿಯ ಬಳಿ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. 2007ರಲ್ಲೂ ಹೀಗೇ ತಾಲೀಮಿನ ವೇಳೆ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಿದ್ದು ಸ್ಕ್ವಾಡ್ರನ್ ಲೀಡರ್ ಪ್ರಿಯೆ ಶರ್ಮ ಜೀವ ತೆತ್ತಿದ್ದರು. 2019ರ ಅದೇ ವಾರದಲ್ಲಿ ಪಾರ್ಕಿಂಗ್ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟವು. ಕಾರು ಮತ್ತೆ ಬರುತ್ತದೆ, ಹೋದ ಜೀವ ಬರುವುದಿಲ್ಲ. ಇಂದಿಗೂ ಸೂರ್ಯಕಿರಣ ತಂಡ ಹಾರುವಾಗ ಊರಿನ ಹಿರಿಯ ಹೆಂಗಸರು ಕೈಮುಗಿದು ನಿಂತಿರುತ್ತಾರೆ, ಅಷ್ಟೂ ಮಂದಿ ಇಳಿಯುವವರೆಗೆ.

2018ರಲ್ಲಿ ಏರ್ ಶೋ ಲಖನೌಗೆ ಹೋಗುತ್ತದೆಂಬ ಸುದ್ದಿ ಹಬ್ಬಿದಾಗ ಕರ್ನಾಟಕ ಪಕ್ಷಭೇದವಿಲ್ಲದೆ ದನಿಯೆತ್ತಿತು. ಕೊನೆಗೆ ಬೆಂಗಳೂರೇ ಎಂದು ತೀರ್ಮಾನವಾಯಿತು. ವಿಮಾನ ಕಟ್ಟುವ ಕೈಗಳಿರುವ ಕಡೆಯೇ ಅವು ಹಾರಿ ತೋರಿಸಬೇಕು ಎಂಬ ಆಗಿನ ವಾದದಲ್ಲಿ ನನಗೆ ಈಗಲೂ ನಂಬಿಕೆಯಿದೆ.

ಆರನೆಯ ದಿನ ಬೆಳಗ್ಗೆ ತಾರಸಿಯ ಕುರ್ಚಿಗಳು ಕೆಳಗಿಳಿಯುತ್ತವೆ, ತಂತಿ ಮತ್ತೆ ಕಂಬಕ್ಕೇರುತ್ತದೆ. ಮಾಂಸದ ಅಂಗಡಿ ತೆರೆಯಲು ಇನ್ನೆರಡು ದಿನ. ಹತ್ತು ಗಂಟೆಗೆ ಎಎನ್-32 ಒಂದು ಮೊರೆಯುತ್ತ ಊರಿನ ಮೇಲೆ ಹಾದುಹೋಗುತ್ತದೆ. ತಾತನ ಮೊಮ್ಮಗ ಮಾತ್ರ ಶಾಲೆಯ ಚೀಲ ಹೆಗಲಿಗೇರಿಸಿ, ಶಬ್ದಕ್ಕಿಂತ ಸ್ವಲ್ಪ ಮುಂದೆ, ಆಕಾಶ ನೋಡುತ್ತಾನೆ.