ಕಣದ ಗಾಳಿ, ಕಡಲಿನ ಹಾಯಿ

ಕಡಲಿನಿಂದ ಇಷ್ಟು ದೂರದ ನಮ್ಮ ಸೀಮೆಯಲ್ಲೂ ಹಡಗಿನ ಹೆಸರು ಹೊತ್ತ ಊರೊಂದಿದೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿನ ಹೂವು ತುಂಗಭದ್ರೆಯ ಹರಿವಿನಲ್ಲಿ ಹಡಗೇರಿ ಹಂಪಿಗೆ ಹೋಗುತ್ತಿತ್ತು, ಅದಕ್ಕೇ ಊರು ಹೂವಿನಹಡಗಲಿಯಾಯಿತು ಎಂದು ಜನ ಹೇಳುತ್ತಾರೆ. ಹೊಳೆಯೇ ಹೊರೆ ಹೊರುತ್ತಿದ್ದ ಕಾಲ ಅದು. ಈಗ ಕಡಲಿನ ದೊಡ್ಡ ಸರಕು ಹಡಗುಗಳು ಅಂಥದ್ದೇ ಪುಕ್ಕಟೆ ಬಲದ ಕಡೆ ಮತ್ತೆ ಮುಖ ಮಾಡಿವೆ. ಅದು ಗಾಳಿ.

ಗಾಳಿಯಿಂದ ಕೆಲಸ ತೆಗೆಯುವುದು ನಮ್ಮವರಿಗೆ ಹೊಸದಲ್ಲ. ಕೊಟ್ಟೂರು ಸೀಮೆಯ ಕಣದಲ್ಲಿ ನಮ್ಮಜ್ಜ ಜೋಳ ತೂರುವ ಮೊದಲು ಒಂದು ಹಿಡಿ ಹೊಟ್ಟು ಮೇಲಕ್ಕೆ ಬಿಟ್ಟು ನೋಡುತ್ತಿದ್ದ. ಹೊಟ್ಟು ಹಾರಿದ ದಿಕ್ಕು ನೋಡಿ, ಕಾಲು ಸರಿಸಿ, ಮೊರ ಓರೆ ಮಾಡಿ ಹಿಡಿಯುತ್ತಿದ್ದ. ಕಾಳು ನೆಟ್ಟಗೆ ಕೆಳಗೆ, ಹೊಟ್ಟು ಅತ್ತ. ಗಾಳಿ ನಿಂತರೆ ಬೈಯುತ್ತಿರಲಿಲ್ಲ. ಮೊರ ಇಳಿಸಿ ಕೂರುತ್ತಿದ್ದ.

ಹೊಸ ಹಾಯಿಹಡಗುಗಳದ್ದೂ ಇದೇ ವಿದ್ಯೆ. 2023ರ ಆಗಸ್ಟ್‌ನಲ್ಲಿ 'ಪಿಕ್ಸಿಸ್ ಓಷನ್' ಎಂಬ ಸರಕು ಹಡಗು ಎರಡು ಹಾಯಿ ಹೊತ್ತು ಬ್ರೆಜಿಲ್ ಕಡೆ ಹೊರಟಿತು. ಅವು ಬಟ್ಟೆಯ ಹಾಯಿಗಳಲ್ಲ, 37.5 ಮೀಟರ್ ಎತ್ತರದ ಗಟ್ಟಿ ರೆಕ್ಕೆಗಳು. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದಂತೆ. ರೆಕ್ಕೆಯ ಎರಡು ಬದಿಯಲ್ಲಿ ಗಾಳಿ ಬೇರೆ ಬೇರೆ ವೇಗದಲ್ಲಿ ಹರಿದು, ಒತ್ತಡದ ವ್ಯತ್ಯಾಸ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ದಿಕ್ಕಿಗೆ ತಕ್ಕಂತೆ ರೆಕ್ಕೆ ತಿರುಗಿಸುವುದು ಯಂತ್ರದ ಕೆಲಸ. ಬಂದರಿನಲ್ಲಿ ಅದನ್ನು ಮಡಚಿ ಮಲಗಿಸಬಹುದು. ಆರು ತಿಂಗಳ ಪ್ರಯೋಗದಲ್ಲಿ ದಿನಕ್ಕೆ ಸರಾಸರಿ 3 ಟನ್ ಇಂಧನ ಉಳಿಯಿತು. ಅಂದರೆ ದಿನಕ್ಕೆ 9 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಲಿಲ್ಲ.

ಈ ರೆಕ್ಕೆಗಳ ಮೈ ಯಾವುದರದ್ದು ಗೊತ್ತೇ? ಹರಪನಹಳ್ಳಿ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆಗಳನ್ನು ಮಾಡುವಂಥ ವಸ್ತುವೇ. ಕೂಡ್ಲಿಗಿಯ ಹೆದ್ದಾರಿಯಲ್ಲಿ ಒಂದೇ ಒಂದು ರೆಕ್ಕೆ ಹೊತ್ತ ಉದ್ದನೆಯ ಲಾರಿ ಬಂದರೆ ಉಳಿದ ಗಾಡಿಗಳು ಬದಿಗೆ ನಿಂತು ದಾರಿ ಬಿಡುತ್ತವೆ. ಆ ರೆಕ್ಕೆ ಕಂಡವರಿಗೆ ಈ ಹಾಯಿಯನ್ನು ಬೇರೆ ವಿವರಿಸಬೇಕಿಲ್ಲ.

ಇನ್ನೊಂದು ಬಗೆ ತಿರುಗುವ ಕಂಬದ್ದು. ಸ್ಪಿನ್ ಬೌಲರ್ ತಿರುಗಿಸಿ ಬಿಟ್ಟ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ವಾಲುತ್ತದಲ್ಲ, ಅದೇ ಬಲ. ಜರ್ಮನಿಯ ಆಂಟನ್ ಫ್ಲೆಟ್ನರ್ 1924ರಲ್ಲೇ 'ಬುಕಾವ್' ಹಡಗಿಗೆ ಇಂಥ ಎರಡು ಕಂಬ ನಿಲ್ಲಿಸಿದ್ದರು. 1926ರಲ್ಲಿ ಅದು ಅಟ್ಲಾಂಟಿಕ್ ದಾಟಿತು. ಎಣ್ಣೆ ಅಗ್ಗವಾಗಿದ್ದ ಆ ದಿನಗಳಲ್ಲಿ ಗಾಳಿಯ ಗೊಡವೆ ಯಾರಿಗೂ ಬೇಡವಾಯಿತು. ನೂರು ವರ್ಷಗಳ ಬಳಿಕ, 2024ರಲ್ಲಿ, 4 ಲಕ್ಷ ಟನ್ ಹೊರುವ ಅದಿರು ಹಡಗು 'ಸೊಹಾರ್ ಮ್ಯಾಕ್ಸ್' ಮೇಲೆ ಅಂಥ ಐದು ಕಂಬಗಳು ಎದ್ದವು.

ಹಾಯಿ ಬಂತೆಂದು ಎಂಜಿನ್ ಮೂಲೆಗೆ ಬೀಳುವುದಿಲ್ಲ. ಗಾಳಿ ಇದ್ದಷ್ಟು ಹೊತ್ತು ಎಂಜಿನ್ನಿನ ಹೊರೆ ಹಗುರ, ಅಷ್ಟೇ. ಆ 'ಅಷ್ಟೇ' ಸಣ್ಣದಲ್ಲ. ಜಗತ್ತು ಉಗುಳುವ ಹಸಿರುಮನೆ ಅನಿಲದಲ್ಲಿ ಸುಮಾರು ಶೇ 3ರಷ್ಟು ಹಡಗುಗಳದ್ದು. 2050ರ ಹೊತ್ತಿಗೆ ಅದನ್ನು ನಿವ್ವಳ ಸೊನ್ನೆಗೆ ಇಳಿಸುವ ಗುರಿಯನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಇಟ್ಟುಕೊಂಡಿದೆ.

ಕಡಲಿಲ್ಲದ ನಮಗೇಕೆ ಈ ಮಾತು ಎನ್ನುವಂತಿಲ್ಲ. ನೆರೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಕಡಲು ದಾಟಿ ಬರುತ್ತದೆ. ಆ ಉಕ್ಕು ಹಗರಿಬೊಮ್ಮನಹಳ್ಳಿಯಲ್ಲಿ ಏಳುವ ಮನೆಯ ತಾರಸಿಗೂ ಬೀಳಬಹುದು. ಜಪಾನಿನ 'ಶೋಫು ಮಾರು' 2022ರಿಂದ ಹಾಯಿ ಕಟ್ಟಿಕೊಂಡೇ ಕಲ್ಲಿದ್ದಲು ಸಾಗಿಸುತ್ತಿದೆ. ನಮ್ಮ ಬಂದರುಗಳಿಗೆ ಬರುವ ಹಡಗುಗಳೂ ಹಾಗೆ ಬರಲಿ, ಹಾಗೆ ಬರುವವಕ್ಕೆ ನಮ್ಮ ಕಾರ್ಖಾನೆಗಳು ಮೊದಲ ಮಣೆ ಹಾಕಲಿ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಈಗ ಸಮಯಸಾಧಕರಿಗೆ ಬಿಟ್ಟುಕೊಟ್ಟಿದ್ದೇವೆ. ನಮ್ಮಜ್ಜನ ಕಣದಲ್ಲಿ ಅದಕ್ಕೆ ಬೇರೆಯೇ ಅರ್ಥವಿತ್ತು: ಗಾಳಿ ಬರುವ ಹೊತ್ತಿಗೆ ರಾಶಿ ಒಟ್ಟಿರಬೇಕು, ಮೊರ ಕೈಯಲ್ಲಿರಬೇಕು.