ಹಳೆಯ ಚಿತ್ರಕಥೆಗಳ ದರ್ಜೆ

ಅಮೇರಿಕೆಯಲ್ಲಿ ೧೯೩೮ರಲ್ಲಿ ಹೊರಬಂದ ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಚಿತ್ರಕಥಾ ಪತ್ರಿಕೆಯ ಮೊದಲನೆಯ ಸಂಚಿಕೆಯ ಬೆಲೆ ೧೦ ಸೆಂಟು. ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡುದು ಅದರಲ್ಲಿಯೇ. ಅದರ ಒಂದು ಪ್ರತಿಯು ೨೦೧೪ರಲ್ಲಿ ೩೨ ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಎಲ್ಲ ಪ್ರತಿಗಳಲ್ಲಿಯೂ ಕಥೆ ಒಂದೇ ಆಗಿರಲು, ಆ ಪ್ರತಿಗೆ ಅಷ್ಟು ಬೆಲೆ ಬಂದುದೇಕೆ? ವಿರಳತೆಯೊಡನೆ ಅದರ ದರ್ಜೆಯೂ ಕಾರಣ.

೨೦೦೦ದಲ್ಲಿ ಅಲ್ಲಿ ಸ್ಥಾಪಿತವಾದ ಸಿ.ಜಿ.ಸಿ. ಎಂಬ ಸಂಸ್ಥೆಯು ಇಂತಹ ಪುಸ್ತಕಗಳನ್ನು ಪರೀಕ್ಷಿಸಿ ಹತ್ತರ ಅಳತೆಯಲ್ಲಿ ಅಂಕ ಕೊಡುತ್ತದೆ. ಬೆನ್ನು ಮಡಿಕೆಬೀಳದೆ ಇದೆಯೇ, ಮೂಲೆಗಳು ಮೊಂಡಾಗಿಲ್ಲವೇ, ಪಿನ್ನುಗಳಿಗೆ ತುಕ್ಕು ಹಿಡಿದಿಲ್ಲವೇ, ಮುಖಪುಟದ ಹೊಳಪು ಮಾಸಿಲ್ಲವೇ ಎಂಬುದೇ ಪರೀಕ್ಷೆ. ಹೊಸ ಪುಸ್ತಕಕ್ಕೆ ೯ ಅಂಕವು ಸಾಧಾರಣ. ೧೯೩೮ರ ಪುಸ್ತಕಕ್ಕೆ ಅತ್ಯಪೂರ್ವ. ಮೇಲೆ ಹೇಳಿದ ಪ್ರತಿಗೆ ದೊರೆತುದು ಆ ೯ ಅಂಕವೇ.

ಏಕೆಂದರೆ ಆ ಪುಸ್ತಕಗಳು ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾದವು. ಆ ಕಾಗದದಲ್ಲಿರುವ ಆಮ್ಲವು ಕ್ರಮೇಣ ಹಾಳೆಯನ್ನು ಹಳದಿಗೊಳಿಸಿ ಪುಡಿಯಾಗಿಸುತ್ತದೆ. ಮಕ್ಕಳು ಓದಿ ಎಸೆದುವು ಹಲವು. ಎರಡನೆಯ ಮಹಾಯುದ್ಧದಲ್ಲಿ ರದ್ದಿಗೆ ಹೋದುವು ಅನೇಕ. ಕೊಲರಾಡೋ ಪ್ರಾಂತದ ಎಡ್ಗರ್ ಚರ್ಚ್ ಎಂಬ ಚಿತ್ರಕಾರನು ಒತ್ತಾಗಿ ಪೇರಿಸಿಟ್ಟಿದ್ದ ಸಾವಿರಾರು ಪ್ರತಿಗಳು ಮಾತ್ರ, ಅಲ್ಲಿಯ ಒಣಹವೆಯ ಸಹಾಯದಿಂದ, ೧೯೭೭ರಲ್ಲಿಯೂ ಹೊಸವುಗಳಂತೆ ಇದ್ದುವು.

ಹರಿದುದಕ್ಕೆ ತೇಪೆ ಹಾಕಿ, ಮಾಸಿದುದಕ್ಕೆ ಬಣ್ಣ ಬಳಿದರೆ ದರ್ಜೆ ಏರುವುದೆಂದು ತಿಳಿಯಬಾರದು. ಅಂತಹ ಪ್ರತಿಯನ್ನು ದುರಸ್ತಿಯಾದುದೆಂದು ಬೇರೆಯಾಗಿ ಗುರುತಿಸುತ್ತಾರೆ, ಬೆಲೆಯೂ ತಗ್ಗುತ್ತದೆ. ಆದುದರಿಂದ ಮೇಲ್ದರ್ಜೆಯೆಂಬುದು ಉಳಿಸಿಕೊಳ್ಳತಕ್ಕುದೇ ಹೊರತು ಆಮೇಲೆ ಮಾಡಿಕೊಳ್ಳತಕ್ಕುದಲ್ಲ. ಬಿಸಿಲು, ತೇವ, ಅಂಟುಪಟ್ಟಿ ಇವುಗಳಿಂದ ದೂರವಿಡುವುದು ಯಾವ ಹಳೆಯ ಪುಸ್ತಕಕ್ಕೂ ಹಿತವಾದ ರಕ್ಷಣೆ.